ಒಲೆಯ ತನಕ ಹೋದ ನಿಶಾನಿ ಕೋಲು

ಗಾಳಿಯನ್ನು ಬಿಡುವವನೂ ತಡೆಯುವವನೂ ಆದ, ಮಿನಾರನ್ನೂ ಹುಲ್ಲುಕಡ್ಡಿಯನ್ನೂ ಒಂದೇ ಕರುಣೆಯಿಂದ ನೋಡುವ ಆ ಒಬ್ಬ ಒಡೆಯನಿಗೆ ಮೊದಲು ತಲೆ ಬಾಗಿ, ಆಮೇಲೆ ನನ್ನ ದೂರು ಹೇಳಿಕೊಳ್ಳುತ್ತೇನೆ.

ದೂರು ಅಂದೆನಲ್ಲ, ಅದು ಅವನ ಮೇಲಲ್ಲ. ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇದೆ. ನನ್ನ ದೂರು ಅವನು ಮಾಡಿದ ಮನುಷ್ಯರ ಮೇಲೆ, ಅದರಲ್ಲೂ ನಮ್ಮ ಹೊಸ ಗದಗ ಜಿಲ್ಲೆಯ ಮನುಷ್ಯರ ಮೇಲೆ. ನಾನು ಲಕ್ಷ್ಮೇಶ್ವರದ ದರ್ಜಿ. ಅಂಗಿ ಪಾಯಿಜಾಮಕ್ಕಿಂತ ಹೆಚ್ಚು ನಿಶಾನಿ, ಅಂದರೆ ಬಾವುಟ, ಹೊಲಿದವನು. ಗುಡಿಯದು, ದರ್ಗಾದ್ದು, ಕುಸ್ತಿ ಕಣದ್ದು, ಯಾರು ಕೇಳಿದರೂ ಯಾವ ಬಣ್ಣದ್ದಾದರೂ ಬಿಸ್ಮಿಲ್ಲಾ ಹೇಳಿ ಕತ್ತರಿ ಹಾಕುವವನು. ಯಾರ ತಂಟೆಗೂ ಹೋಗದವನು. ಆದರೂ ಇಂಥವು ನನಗೇ ಯಾಕೆ ಆಗುತ್ತವೋ ತಿಳಿಯದು. ಒಂದು ಮುಗಿಯಿತಪ್ಪ ಅಂತ ಅವನಿಗೆ ಶುಕ್ರಿಯಾ ಹೇಳುವಷ್ಟರಲ್ಲಿ ಇನ್ನೊಂದು ಅಂಗಡಿಯ ಮೆಟ್ಟಿಲೇರಿ ನಿಂತಿರುತ್ತದೆ.

ಎಲ್ಲದಕ್ಕೂ ಮೂಲ ಒಂದು ಕೋಲು. ನಮ್ಮ ಓಣಿಯ ಸಣ್ಣ ದರ್ಗಾ ನೋಡಿಕೊಳ್ಳುವ ಮುಜಾವರ ಚಾಚಾ ವಯಸ್ಸಾದವರು. ಪ್ರತಿ ಉರುಸಿಗೆ ನಿಶಾನಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಗೋಡೆ ಏರಿ, ಗೋಡೆಯಿಂದ ಬೇವಿನ ಟೊಂಗೆಗೆ ದಾಟಿ, ಅಲ್ಲಿಂದ ಕೈ ಚಾಚಿ ಕಟ್ಟೆಯಲ್ಲಿ ನೆಟ್ಟ ಬಿದಿರಿನ ತುದಿಗೆ ಕಟ್ಟುತ್ತಿದ್ದರು. ಒಂದು ವರ್ಷ ಕಾಲು ಜಾರಿ ಟೊಂಗೆಗೆ ಜೋತುಬಿದ್ದರು. ಕೆಳಗೆ ಓಣಿಯವರೆಲ್ಲ "ಚಾಚಾ, ಗಟ್ಟಿ ಹಿಡೀರಿ, ಹಿಡಿದೀರೇನು?" ಅಂತ ಕೂಗುತ್ತಿದ್ದಾರೆ, ಅವರು ಉತ್ತರ ಕೊಡುವಂತಿಲ್ಲ, ಬಾಯಲ್ಲಿ ನಿಶಾನಿ. ಇಳಿಸಿದ ಮೇಲೆ ಬೇರೆ ಯಾರಾದರೂ ಏರಲಿ ಅಂದರೆ, "ನಮ್ಮಪ್ಪ ಏರ್ಯಾನ, ಅವರಪ್ಪ ಏರ್ಯಾನ. ನಾ ಇರೂ ತನಕ ನಾನ ಕಟ್ಟಾಂವ" ಎಂದರು.

ಅಂದೇ ನಾನು ಹರಕೆ ಹೊತ್ತೆ. ಮುಂದಿನ ಉರುಸಿಗೆ ಈ ಹಿರಿಯರ ಕಾಲು ನೆಲ ಬಿಡಬಾರದು. ಕೊಳವೆಯೊಳಗೆ ಕೊಳವೆ ಸೇರಿಕೊಂಡು, ಜಗ್ಗಿದರೆ ಉದ್ದವಾಗುವ, ಒತ್ತಿದರೆ ಗಿಡ್ಡವಾಗುವ ಕೋಲು ಬರುತ್ತದಂತೆ. ಅದನ್ನು ತಂದರೆ ಚಾಚಾ ನೆಲದ ಮೇಲೆ ನಿಂತೇ ತುದಿಗೆ ನಿಶಾನಿ ಕಟ್ಟಬಹುದು, ಆಮೇಲೆ ಒಂದೊಂದೇ ಕೊಳವೆ ಜಗ್ಗಿ ಏರಿಸಬಹುದು. ಇಷ್ಟೇ ನನ್ನ ಆಸೆ. ಇದರಲ್ಲಿ ಜಗಳಕ್ಕೆ ಜಾಗ ಎಲ್ಲಿದೆ ಹೇಳಿ?

ಗದಗಿನ ಅಂಗಡಿ

ಕೋಲು ಆರಿಸಲು ಗದಗಿಗೆ ಹೋದೆ. ಅಂಗಡಿಯವನಿಗೆ ಸಲಾಂ ಹೇಳಿ ಕೇಳಿದೆ: "ಗಾಳಿ ತಡೀತೈತೇನ್ರಿ ಇದು?"

"ಬೆಳ್ಳಿ ಬಣ್ಣದ್ದು ಬೇಕೋ, ಬಿಳೀದು ಬೇಕೋ?"

"ಬಣ್ಣ ಇರಲಿ. ಕೀಲು ತಿರುವಿ ಬಿಗಿ ಮಾಡೂದೋ, ಗುಂಡಿ ಒತ್ತೂದೋ?"

"ಮದಿವಿಗೋ, ಉದ್ಘಾಟನಾಕ್ಕೋ?"

ಸಿಟ್ಟು ಬಂತು. ಆದರೆ ಸಿಟ್ಟು ಸೈತಾನನ ಕೆಲಸ ಎಂದು ಗಡ್ಡ ಸವರಿಕೊಂಡು ನಾನೇ ಪರೀಕ್ಷೆಗೆ ಇಳಿದೆ. ಎರಡು ಥರದ ಕೋಲಿದ್ದವು. ಅಲ್ಯೂಮಿನಿಯಮ್ಮಿನದನ್ನು ಸ್ವಲ್ಪ ಬಾಗಿಸಿದೆ. ಹಠಮಾರಿ, ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಅಂಥದ್ದು ಆಮೇಲೆ ಒಂದರೊಳಗೊಂದು ಹೋಗುವುದೇ ಇಲ್ಲ. ಫೈಬರಿನದನ್ನು ಬಾಗಿಸಿದೆ. ಅದು ಬಾಗಿತು, ಬಿಟ್ಟ ಕೂಡಲೇ ನೆಟ್ಟಗೆ ನಿಂತಿತು, ಥೇಟು ನಮಾಜಿನಲ್ಲಿ ನಿಂತವರ ಹಾಗೆ. ನನ್ನ ಕಣ್ಣು ತುಂಬಿ ಬಂತು. ಇದೇ ದರ್ಗಾದ ಕೋಲು ಎಂದುಕೊಂಡೆ. ಪ್ರತಿ ಕೀಲನ್ನೂ ಕೈಯಿಂದ ತಿರುವಿ ಬಿಗಿ ಮಾಡುವ ಜಾತಿಯದು.

ಅಂಗಡಿಯವನು ಬಾಗಿದ ಅಲ್ಯೂಮಿನಿಯಮ್ಮಿನ ಕೋಲನ್ನು ನೋಡಿ ನಿಟ್ಟುಸಿರು ಬಿಟ್ಟು, "ನೀವು ತಗೊಂಡದ್ದಕ್ಕ ಪಕ್ಕಾ ಗ್ಯಾರಂಟಿ ಐತಿ" ಎಂದ.

"ಎಷ್ಟು ಗಾಳಿ ತನಕ?"

"ಗಾಳ್ಯಾಗ ಒಯ್ಯೂದಿಲ್ಲಂದ್ರ ಗ್ಯಾರಂಟಿ ಐತ್ರಿ."

ಬಸ್ಸಿನಲ್ಲಿ

ಗದಗಿನಿಂದ ಬರುವಾಗ ಬಸ್ಸಿನ ಹಿಂದಿನ ಸೀಟು ಸಿಕ್ಕಿತು. ಕೋಲನ್ನು ಗಿಡ್ಡ ಮಾಡಿ ತೊಡೆಯ ಮೇಲೆ ಮಲಗಿಸಿ ತಸಬಿ ಮಣಿ ಎಣಿಸುತ್ತ ಕೂತೆ. ಪಕ್ಕದಲ್ಲಿ ರುಮಾಲು ಸುತ್ತಿದ ಹಿರಿಯರು.

"ಏನ್ರಿ ಇದು ಸಾಬರ?"

"ಕೋಲ್ರಿ."

"ಕೋಲು ಇಷ್ಟು ದಪ್ಪ?"

"ಒಳಗ ಇನ್ನೂ ಕೋಲದಾವ್ರಿ."

ಈ ಮಾತು ಹೇಳಬಾರದಿತ್ತು. ನಮ್ಮ ಕಡೆಯವರಿಗೆ ಒಳಗೆ ಏನೋ ಇದೆ ಅಂದರೆ ತೆಗೆದು ನೋಡದೆ ಊಟ ಸೇರುವುದಿಲ್ಲ. ಹಿರಿಯರು ತುದಿ ಹಿಡಿದು ಜಗ್ಗಿದರು. ಬಂತು. "ಬರ್‍ತೈತಿ!" ಎಂದು ಮುಂದಿನ ಸೀಟಿನವನ ಕೈಗೆ ಕೊಟ್ಟರು. ಅವನೂ ಜಗ್ಗಿದ. "ಇನ್ನೂ ಬರ್‍ತೈತ್ರಿ!" ಅವನ ಮುಂದಿನವಳು ಕೂಸನ್ನು ಗಂಡನ ಮಡಿಲಿಗೆ ಒಗೆದು ತಾನೂ ಒಂದು ಕೈ ಹಾಕಿದಳು. ನಾನು ಬುಡ ಹಿಡಿದುಕೊಂಡು "ಬ್ಯಾಡ್ರೆವ್ವಾ, ದರ್ಗಾದ್ದೈತಿ" ಎಂದರೆ, ಎಲ್ಲರೂ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಮತ್ತೆ ಮುಂದಕ್ಕೆ ಜಗ್ಗಿದರು. ಕೊನೆಗೆ ಅದರ ತುದಿ ಹೋಗಿ ಡ್ರೈವರನ ಕಿವಿಗೆ ತಾಗಿತು. ಬಸ್ಸು ಗಕ್ಕನೆ ನಿಂತಿತು.

ಡ್ರೈವರ್ ತಿರುಗಿ ಕೂಡ ನೋಡಲಿಲ್ಲ. "ಇಳಿಯಾಂವ ಯಾಂವ್ಲೇ? ಬಾಯಿ ಇಲ್ಲೇನು, ಕೋಲ್ಲೆ ತಿವಿದು ಹೇಳ್ತಿ?"

ಒಂದು ಕಾಲಿನ ಪಾಯಿಜಾಮ

ಜಿಲ್ಲೆ ಹೊಸದು. ಹಾಗಾಗಿ ದೊಡ್ಡವರು ನೋಡಲು ಬರುವುದು ಹೆಚ್ಚಾಗಿತ್ತು. ಮುಂಡರಗಿಯ ಒಂದು ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯುವುದಿತ್ತು. ಪೆಂಡಾಲಿನ ಗುತ್ತಿಗೆದಾರ ನನ್ನ ಅಂಗಡಿಗೆ ಓಡಿ ಬಂದ. ಗಾಳಿಯ ದಿಕ್ಕು ತೋರಿಸಲು ಗಾಳಿಚೀಲ ಹೊಲಿದು ಕೊಡಬೇಕಂತೆ, ಅದನ್ನು ಏರಿಸಲು ನನ್ನ ಕೋಲೂ ಬೇಕಂತೆ. ಕೇಳಿ ಬಂದವರನ್ನು ಬರಿಗೈಲಿ ಕಳಿಸುವುದು ನನಗೆ ಆಗದು. "ಉರುಸಿನೊಳಗ ವಾಪಸ್ ಕೊಡಬೇಕಪಾ" ಎಂದೆ. ಒಳಗಿನಿಂದ ನಮ್ಮ ಮನೆಯವಳು, "ಕೊಡ್ರಿ, ಕೊಡ್ರಿ. ಹರಕಿ ಕೋಲು ಬಾಡಿಗಿ ಸೈಕಲ್ ಆತು" ಎಂದಳು.

ಗಾಳಿಚೀಲ ಅಂದರೆ ಒಂದು ಉದ್ದ ತೋಳು. ಒಂದು ಬಾಯಿ ಅಗಲ, ಇನ್ನೊಂದು ಸಪೂರ, ಎರಡೂ ತೆರೆದಿರಬೇಕು. ಅಗಲವಾದ ಬಾಯಲ್ಲಿ ಗಾಳಿ ಹೊಕ್ಕು ಸಪೂರದ ಕಡೆ ಹೊರಟರೆ ಚೀಲ ಎದ್ದು ನಿಂತು ದಿಕ್ಕು ತೋರಿಸುತ್ತದೆ. ನಾನು ಅದನ್ನು ಹೊಲಿಯುತ್ತ ಕೂತಾಗ ಗಿರಾಕಿಯೊಬ್ಬರು ಬಂದು ಬಹಳ ಹೊತ್ತು ನೋಡಿದರು.

"ಪಾಯಿಜಾಮದ ಇನ್ನೊಂದು ಕಾಲು ಎಲ್ಲೈತ್ರಿ?"

"ಇದಕ್ಕ ಒಂದ ಕಾಲು."

"ಅಯ್ಯ ಪಾಪ! ಇಷ್ಟು ಎತ್ತರದಾಂವಗ ದೇವರು ಇನ್ನೊಂದು ಕಾಲು ಕೊಡಬಾರದಿತ್ತೇನ್ರಿ?"

ತೌಬಾ, ತೌಬಾ. ದೇವರ ಮೇಲೆ ಹೋಯಿತು ಮಾತು! ನಾನು ಅವರಿಗೆ ಅವನ ನ್ಯಾಯವನ್ನು ವಿವರಿಸಿ ಕಳಿಸುವಷ್ಟರಲ್ಲಿ ಅಸರ್ ನಮಾಜಿನ ಹೊತ್ತಾಗಿತ್ತು.

ಕೋಲು ಹೇಗೆ ನಿಲ್ಲಿಸಿದ್ದಾರೋ ನೋಡೋಣ ಎಂದು ಹೆಲಿಕಾಪ್ಟರ್ ಬರುವ ಹಿಂದಿನ ದಿನವೇ ಮುಂಡರಗಿಗೆ ಹೋದೆ. ಬಿಸಿಲು, ಗಾಳಿ. ಕಪ್ಪತಗುಡ್ಡದ ಕಡೆಯಿಂದ ಧೂಳು ಎದ್ದು ಬರುತ್ತಿದೆ, ಪೆಂಡಾಲಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿದೆ. ನನ್ನ ಚೀಲ ಮಾತ್ರ ಕೆಳಮುಖವಾಗಿ ನೆಟ್ಟಗೆ ಜೋತಾಡುತ್ತಿದೆ! ಹತ್ತಿರ ಹೋಗಿ ನೋಡುತ್ತೇನೆ, ಚೀಲದ ಬಾಲಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ, ಅವುಗಳ ಕೆಳಗೆ ಒಂದು ಬೂದುಗುಂಬಳಕಾಯಿ.

"ಏನಪಾ ಇದು?"

ಗುತ್ತಿಗೆದಾರ ಹೇಳಿದ: "ಹೊಸಾದು, ಚಂದ ಐತಿ, ನಾಳೆ ಸಾವಿರಾರು ಕಣ್ಣು ಬೀಳ್ತಾವು. ದೃಷ್ಟಿ ಆಗಬಾರದಲ್ರಿ?"

ಅಷ್ಟರಲ್ಲಿ ಮೈದಾನ ಪರೀಕ್ಷೆ ಮಾಡುವ ಅಧಿಕಾರಿ ಬಂದರು. ತಲೆಗೆ ಟೊಪ್ಪಿಗೆ, ಕಣ್ಣಿಗೆ ಕಪ್ಪು ಕನ್ನಡಕ. ಮೇಲೆ ನೋಡಿ, "ಇಲ್ಲಿ ಗಾಳಿ ಇಲ್ಲವೇ ಇಲ್ಲ" ಎಂದರು. ಅನ್ನುತ್ತಿದ್ದಂತೆ ಅವರ ಟೊಪ್ಪಿಗೆ ತಲೆಯಿಂದ ಎದ್ದು, ಮೈದಾನ ದಾಟಿ, ಜಾಲಿಗಿಡದ ಆಚೆ ಹೋಯಿತು. ನಾನು ತಡೆಯಲಾರದೆ ಕೋಲು ಗಿಡ್ಡ ಮಾಡಿ ಇಳಿಸಿ, ಕುಂಬಳಕಾಯಿ ಬಿಚ್ಚಿ ಗುತ್ತಿಗೆದಾರನ ಕೈಗಿಟ್ಟೆ. ಅವನು ಓಡುತ್ತಿದ್ದ ಟೊಪ್ಪಿಗೆಯನ್ನೇ ನೋಡುತ್ತ ಕೈ ಮುಗಿದ.

"ನೋಡಿದ್ರ್ಯಾ ಸಾಬರ? ಕಟ್ಟಿದ್ದಕ್ಕ ದೃಷ್ಟಿ ಟೊಪ್ಪಿಗಿಗೆ ಬಡೀತು. ಇಲ್ಲಂದ್ರ ಸೀದಾ ಚೀಲಕ್ಕ ಬಡೀತಿತ್ತು!"

ಕಣದ ಗಾಳಿ

ಮುಂಡರಗಿಯಿಂದ ಕೋಲೂ ಚೀಲವೂ ಮರಳಿ ಬಂದವು, ಅಲ್ಹಮ್ದುಲಿಲ್ಲಾ. ಅಂಗಡಿಯ ಮುಂದೆ ಒರೆಸಿ ಇಟ್ಟಿದ್ದೆ. ಸೊರಟೂರಿನ ರೈತನೊಬ್ಬ ನೋಡಿದ. ಕಡಲೆ ರಾಶಿ ತೂರುವ ಕಾಲ, ಗಾಳಿ ಎತ್ತ ಬೀಸುತ್ತದೆ ತಿಳಿದರೆ ಅನುಕೂಲ ಅಂದ. ಇದು ಮಾತ್ರ ನ್ಯಾಯವಾದ ಕೇಳಿಕೆ. ಸಂತೋಷದಿಂದ ಕೊಟ್ಟೆ.

ವಾರ ಕಳೆಯುವುದರೊಳಗೆ ಅವನೂ ಅವನ ಪಕ್ಕದ ಕಣದವನೂ ಕೂಡಿ ಅಂಗಡಿಗೆ ಬಂದರು. ಇಬ್ಬರ ಮುಖವೂ ಬಿಗಿದಿತ್ತು.

ಪಕ್ಕದ ಕಣದವನು ಶುರು ಮಾಡಿದ: "ಇವನ ಕಣದಾಗ ಚೀಲ ಏರಿಸಿದಾಗಿಂದ ನನ್ನ ಕಣಕ್ಕ ಗಾಳೀನ ಇಲ್ರಿ. ಅಷ್ಟು ದೊಡ್ಡ ಬಾಯಿ ತಗದು ಕುಂತೈತಿ. ಬರೂ ಗಾಳಿ ಎಲ್ಲಾ ಅದ ನುಂಗತೈತಿ."

ನಾನು ಹೇಳಿದೆ, "ಅಣ್ಣಾ, ಹಿಂದಿನ ಬಾಯಿ ನೋಡು. ನುಂಗಿದ್ದನ್ನ ಅಲ್ಲೇ ಬಿಡ್ತೈತಿ."

"ಬಿಡೂದು ಅವನ ಕಡೀಗೇ ಬಿಡ್ತೈತಲ್ರಿ!"

ಗಾಳಿ ಯಾರದು? ಅದನ್ನು ಕಳಿಸುವವನು ಒಬ್ಬನೇ. ಒಬ್ಬರ ಕಣಕ್ಕೆ ಕೊಟ್ಟು ಇನ್ನೊಬ್ಬರದಕ್ಕೆ ತಪ್ಪಿಸುವ ಜಿಪುಣತನ ಅವನಲ್ಲಿ ಇದೆಯೇ? ನಾನು ಎದೆ ತಟ್ಟಿಕೊಂಡು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಅವರೇ ರಾಜಿ ಮಾಡಿಕೊಂಡರು. ಮುಂಜಾನೆ ಚೀಲ ಇವನ ಕಣದಲ್ಲಿ, ಮಧ್ಯಾಹ್ನ ಅವನ ಕಣದಲ್ಲಿ. ಮುಂದಿನ ಸಂತೆಗೆ ಇಬ್ಬರೂ ನಗುತ್ತ ಬಂದರು. ಈಗ ಗಾಳಿ ಸರಿಯಾಗಿ ಹಂಚಿಕೆಯಾಗುತ್ತಿದೆಯಂತೆ! ಅವರ ಹಿಂದೆ ಯಳವತ್ತಿಯವನೊಬ್ಬ ಕೈ ಕಟ್ಟಿ ನಿಂತಿದ್ದ.

"ನನಗೂ ಒಂದು ಹೊಲದು ಕೊಡ್ರಿ. ಸಣ್ಣದ ಇರಲಿ. ನನ್ನ ಕಣ ಸಣ್ಣದೈತಿ, ಅಷ್ಟು ಗಾಳಿ ತಗೊಂಡು ಏನ ಮಾಡ್ಲಿ?"

ಶಿರಹಟ್ಟಿ ಪೈಲ್ವಾನರು

ಇದನ್ನು ಹೇಳಲು ಹೋದರೆ ಈಗಲೂ ಮೈ ಬಿಸಿಯಾಗುತ್ತದೆ, ಅದಕ್ಕೆ ಜಲ್ದಿ ಮುಗಿಸುತ್ತೇನೆ. ಶಿರಹಟ್ಟಿಯ ಗರಡಿಯವರು ಕುಸ್ತಿಯ ನಿಶಾನಿಗೆ ಕೋಲು ಒಯ್ದರು. ಕೈಹಿಡಿದು ಕಲಿಸಿ ಕಳಿಸಿದ್ದೆ: ಮೊದಲು ತುದಿಯ ಸಪೂರ ಕೊಳವೆ ಜಗ್ಗಬೇಕು, ಆಮೇಲೆ ಅದರ ಕೆಳಗಿನದು, ಕಡೆಗೆ ದಪ್ಪದ್ದು. ಕೀಲನ್ನು ಹಗುರಕ್ಕೆ ತಿರುವಬೇಕು, ಎರಡು ಬೆರಳಿನ ಬಲ ಸಾಕು.

ಅವರು ಮೊದಲು ದಪ್ಪದ್ದನ್ನೇ ಜಗ್ಗಿದರು. ಉಳಿದ ಕೀಲುಗಳೆಲ್ಲ ಆಕಾಶಕ್ಕೆ ಹೋದವು. ಅವುಗಳನ್ನು ಮುಟ್ಟಲು ಏಣಿ ತಂದರು. ಏಣಿ ಬೇಡವೆಂದೇ ಮಾಡಿದ ಕೋಲಿಗೆ ಏಣಿ! ಅದೂ ಹೋಗಲಿ. ಎರಡು ಬೆರಳಿನ ಬಲ ಅಂದದ್ದು ಅವರಿಗೆ ಅವಮಾನವಾಯಿತಂತೆ. ಇಬ್ಬರು ಪೈಲ್ವಾನರು ತೊಡೆ ತಟ್ಟಿ ಒಂದೊಂದು ಕೀಲನ್ನೂ ಬಿಗಿದರು. ಕುಸ್ತಿ ಮುಗಿದ ಮೇಲೆ ಬಿಚ್ಚಲು ನೋಡುತ್ತಾರೆ, ಬರುತ್ತಿಲ್ಲ. ಆ ಕಡೆ ಇಬ್ಬರು, ಈ ಕಡೆ ಇಬ್ಬರು ಹಿಡಿದು ಮಣ್ಣಿನ ಮೇಲೆ ಹೊರಳಾಡಿದರು. ಕೋಲು ಜಗ್ಗಲಿಲ್ಲ. ಕಡೆಗೆ ಅದನ್ನು ಹಾಗೇ ಉದ್ದುದ್ದಕ್ಕೆ ಚಕ್ಕಡಿಯಲ್ಲಿ ಹಾಕಿ ನನಗೆ ತಂದುಕೊಟ್ಟರು, ಮೇಲೆ ಹೂಮಾಲೆ.

"ಮಾಲಿ ಯಾಕಪಾ?" ಎಂದೆ.

"ಗೆದ್ದಾಂವಗ ಹಾಕೂ ಮಾಲ್ರಿ ಅದು. ಯಾರೂ ಗೆಲ್ಲಲಿಲ್ಲ, ಇದ ಗೆದ್ದಿತು."

ಬೆಟಗೇರಿಯ ಗಂಜಿ

ಕೀಲುಗಳಿಗೆ ಬಿಸಿ ಬಟ್ಟೆ ಸುತ್ತಿ, ದುವಾ ಓದುತ್ತ, ಬಹಳ ಕಷ್ಟಪಟ್ಟು ಬಿಚ್ಚಿದೆ. ಒಳಗಿನ ಮಣ್ಣು ಒರೆಸಿದೆ. ಉರುಸು ಹತ್ತಿರ ಬಂತು, ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮಂಚದ ಕೆಳಗೆ ಇಟ್ಟೆ. ಆಗ ಬೆಟಗೇರಿಯಿಂದ ನನ್ನ ಮನೆಯವಳ ಅಣ್ಣ ಬಂದ. ಸೀರೆ ನೇಯುವವನು, ಒಳ್ಳೆಯವನು, ಐದು ಹೊತ್ತಿನ ನಮಾಜು ತಪ್ಪಿಸದವನು. ಬಣ್ಣ ಹಾಕಿದ ನೂಲನ್ನು ಒಣಹಾಕಿದರೆ ಆಡು ತಿನ್ನುತ್ತವಂತೆ, ಎತ್ತರದಲ್ಲಿ ಒಂದು ಅಡ್ಡಕೋಲು ಬೇಕಂತೆ.

"ಇಲ್ಲ" ಎಂದೆ. ಜೀವನದಲ್ಲಿ ಮೊದಲ ಸಲ ಇಲ್ಲ ಎಂದೆ.

ಬಾಡಿಗೆ ಸೈಕಲ್ ಅಂತ ಹಂಗಿಸಿದವಳೇ ಒಳಗಿನಿಂದ ಬಂದಳು. "ಊರ ಮಂದಿಗೆಲ್ಲಾ ಕೊಟ್ರಿ. ಪೈಲ್ವಾನರಿಗೆ ಕೊಟ್ರಿ, ಕುಂಬಳಕಾಯಿಗೂ ಕೊಟ್ರಿ. ನಮ್ಮಣ್ಣಗ ಅಷ್ಟ ಇಲ್ಲೇನು?"

ಕೊಟ್ಟೆ.

ಉರುಸಿನ ಮುಂಜಾನೆ ಟೆಂಪೋದ ಮೇಲೆ ಕೋಲು ಬಂತು. ಪೂರಾ ಉದ್ದ. ಹಿಂದೆ ಚಾಚಿಕೊಂಡ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರಿಂದ ದಾರಿಯ ಊರವರೆಲ್ಲ ಯಾವುದೋ ದೇವರು ಹೊರಟಿತೆಂದು ಚೆಂಡುಹೂವು ಏರಿಸಿ, ಊದುಬತ್ತಿ ಬೆಳಗಿ ಕಳಿಸಿದ್ದರು. ಗಿಡ್ಡ ಮಾಡೋಣ ಎಂದು ಒತ್ತಿದೆ. ಒಳಗೆ ಹೋಗದು. ತಿರುವಿದೆ. ತಿರುಗದು. ಭಾವ ಹೆಮ್ಮೆಯಿಂದ ಟೆಂಪೋದಿಂದ ಇಳಿದ.

"ಕೀಲು ಸಡ್ಲಾಗಿದ್ವು. ನಾವು ನೂಲಿಗೆ ಗಂಜಿ ಹಾಕಿದ್ರ ಎಷ್ಟು ಗಟ್ಟಿ ಆಗ್ತೈತಿ! ಅದಕ್ಕ ಎಲ್ಲಾ ಕೀಲಿನ ಒಳಗೂ ದಪ್ಪಗ ಗಂಜಿ ತುಂಬಿ, ಬಿಸಿಲಿಗೆ ಒಣಗಿಸೇನಿ. ಇನ್ನ ಭೂಕಂಪ ಆದ್ರೂ ಇದು ಗಿಡ್ಡ ಆಗೂದಿಲ್ಲ. ರೊಕ್ಕ ಗಿಕ್ಕ ಬ್ಯಾಡ, ಪೀರರ ಸೇವಾ."

ಸಿಟ್ಟು ಮಾಡಬಾರದು ಎಂದು ನಾನು ತಸಬಿ ಹುಡುಕಿದೆ. ಹೆಂಡತಿ ಅದನ್ನು ಮೊದಲೇ ಬಚ್ಚಿಟ್ಟಿದ್ದಳು. ನಾನು ಅದನ್ನು ಅವಳ ಅಣ್ಣನಿಗೆ ಬೀಸಿ ಒಗೆಯುತ್ತೇನೆಂದು ಹೆದರಿದ್ದಳಂತೆ.

ಒಲೆ

ದರ್ಗಾದ ಮುಂದೆ ಜನ ಕೂಡಿದ್ದರು. ಮುಜಾವರ ಚಾಚಾ ಹೊಸ ನಿಶಾನಿ ಹಿಡಿದು, ಗಂಜಿಯಿಂದ ಗಟ್ಟಿಯಾದ ಕೋಲನ್ನು ಮೇಲಿಂದ ಕೆಳಗೆ ನೋಡಿ, ನನ್ನ ಹೆಗಲು ತಟ್ಟಿದರು. "ಇರ್‍ಲಿ ಬೇಟಾ. ನಿನ್ನ ನಿಯತ್ತು ಅವಗ ಗೊತ್ತೈತಿ." ಹಾಗೆಂದು ಲುಂಗಿ ಎತ್ತಿ ಕಟ್ಟಿ, ನಿಶಾನಿಯನ್ನು ಬಾಯಲ್ಲಿ ಕಚ್ಚಿ ಗೋಡೆಯ ಕಡೆ ಹೊರಟೇಬಿಟ್ಟರು.

ನಾನು ಹೋಗಿ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. "ಚಾಚಾ, ಏರಬ್ಯಾಡ್ರಿ. ನಾ ಹರಕಿ ಹೊತ್ತೇನಿ." ಅವರು ಏನೋ ಅಂದರು, ಬಾಯಲ್ಲಿ ನಿಶಾನಿ ಇದ್ದದ್ದರಿಂದ ತಿಳಿಯಲಿಲ್ಲ. ಬೈಗುಳ ಇದ್ದರೂ ಇರಬಹುದು, ದೊಡ್ಡವರು.

ದಾರಿ ಒಂದೇ ಇತ್ತು. ಕೋಲಿನ ಬುಡವನ್ನು ಬಿದಿರು ಕಿತ್ತ ಕಟ್ಟೆಯ ಕುಣಿಯ ಹತ್ತಿರ ಇಟ್ಟು, ಪೂರ್ತಿ ಮಲಗಿಸಿ, ತುದಿಗೆ ನಿಶಾನಿ ಕಟ್ಟಿ, ಎಲ್ಲರೂ ಹಿಡಿದು ಎತ್ತಿ ನಿಲ್ಲಿಸಬೇಕು. ಬಲಕ್ಕೆ ಬೇವಿನ ಮರ, ಎಡಕ್ಕೆ ಗೋಡೆ, ಹಿಂದೆ ಪೀರರ ಗೋರಿ. ಮಲಗಿಸಿದರೆ ಮುಂದಕ್ಕೇ ಮಲಗಿಸಬೇಕು. ಮುಂದೆ ಚಕ್ಕಡಿ ಹೋಗದಷ್ಟು ಕಿರಿದಾದ ಓಣಿ, ಓಣಿಯ ಆಚೆ ಎದುರುಮನೆಯ ತೆರೆದ ಬಾಗಿಲು. ಬಿಸ್ಮಿಲ್ಲಾ ಎಂದು ಮಲಗಿಸಿದೆವು. ಕೋಲು ಓಣಿ ದಾಟಿತು, ಹೊಸ್ತಿಲು ದಾಟಿತು, ಪಡಸಾಲೆ ದಾಟಿತು. ಎಲ್ಲಿ ಹೋಗಿ ನಿಂತಿತೋ ನಮಗೆ ಕಾಣಲಿಲ್ಲ, ಆದರೆ ಕೇಳಿಸಿತು.

"ಯಾವನಲೇ ಅಂವ, ನನ್ನ ಒಲಿಗೆ ಕೋಲು ಹಾಕಾಂವ?"

ಎದುರುಮನೆಯ ಅವ್ವ. ವಿಭೂತಿ ಹಚ್ಚಿ, ಮಡಿಯಲ್ಲಿ ಹೋಳಿಗೆ ಮಾಡುತ್ತಿದ್ದಳು. ಅವಳ ಬಾಯಿಗೆ ಓಣಿಯ ನಾಯಿ ಕೂಡ ಎದುರು ಬೊಗಳುವುದಿಲ್ಲ.

ನಾನು ಪಡಸಾಲೆಯಲ್ಲಿ ನಿಂತು, ಕೈ ಜೋಡಿಸಿ ಕೋಲಿನ ಕತೆ ಪೂರಾ ಹೇಳಿದೆ. ಪೈಲ್ವಾನರು, ಕುಂಬಳಕಾಯಿ, ಗಂಜಿ, ಚಾಚಾನ ಕಾಲು, ನನ್ನ ಹರಕೆ.

"ಆತು, ಆತು. ಆ ಮುದುಕ ಮತ್ತ ಗಿಡ ಏರಬಾರದು, ಇಷ್ಟ ಅಲ್ಲ? ಖರೆ, ಯಾರೂ ಅಡಗಿಮನಿಯೊಳಗ ಕಾಲಿಡಂಗಿಲ್ಲ. ಮಡಿ ಐತಿ. ಆ ಬಟ್ಟಿ ಹೊಸಾದು ಹೌದಲ್ಲ? ಇಲ್ಲೆ ಕೊಡ್ರಿ, ನಾನ ಕಟ್ತೇನಿ."

ಚಾಚಾ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಬಾಯಿಂದ ನಿಶಾನಿ ತೆಗೆಯಲೋ ಬೇಡವೋ ಎಂದು ಒಂದು ಗಳಿಗೆ ನೋಡಿದರು. ಆಮೇಲೆ ತೆಗೆದು, ಎಂಜಲಾದ ತುದಿಯನ್ನು ತಮ್ಮ ಅಂಗಿಗೆ ಒರೆಸಿ, ಅವ್ವನಿಗೆ ಕೊಟ್ಟರು. ಅವ್ವ ಆ ತುದಿಗೆ ನೀರು ಚಿಮುಕಿಸಿ, ಆಕಳ ಕರುವನ್ನು ಕಟ್ಟುವ ಗಂಟು ಹಾಕಿ ಬಿಗಿದಳು. "ಇದು ಬಿಚ್ಚಿದ್ರ ನನ್ನ ಹೆಸರು ಬದಲಿ ಮಾಡ್ರಿ. ಎತ್ರಿ ಇನ್ನ!"

ಎತ್ತಿದೆವು. ಕೋಲು ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಓಣಿಗೆ ಎದ್ದು, ಬೇವಿನ ತುದಿ ಮೀರಿ ನಿಂತಿತು. ನಿಶಾನಿ ಬಿಚ್ಚಿಕೊಂಡಿತು. ಒಂದು ಮೂಲೆಯಲ್ಲಿ ಅವ್ವನ ಅರಿಷಿಣದ ಬೆರಳಿನ ಗುರುತು. ಚಾಚಾ ನೆಲದ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಹಾರಿದ್ರ ಹಿಂಗ ಕಾಣತೈತೇನು ಇದು? ಇಷ್ಟು ವರ್ಷ ನಾ ಬರೇ ಗಂಟು ನೋಡೇನಿ."

ನನ್ನ ಹರಕೆ ತೀರಿತು. ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು, ನಮ್ಮ ಜನ ನಿಲ್ಲಿಸಬೇಕಲ್ಲ!

ಮರುವರ್ಷದ ಉರುಸಿಗೆ ನಾನು ತಿಂಗಳ ಮೊದಲೇ ತಯಾರಾದೆ. ಕೋಲನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಎಲ್ಲ ಕರಗಿಸಿದೆ, ಕೀಲು ಒಣಗಿಸಿದೆ, ಯಾರಿಗೂ ಕೊಡಲಿಲ್ಲ. ದರ್ಗಾದ ಮುಂದೆ ತಂದು, ಬೆಣ್ಣೆಯ ಹಾಗೆ ಒಳಗೆ ಹೊರಗೆ ಜಾರಿಸಿ ತೋರಿಸಿದೆ. "ಚಾಚಾ, ಇಲ್ಲೇ ನಿಂತು ಕಟ್ರಿ. ಆಮ್ಯಾಲ ನಾ ಒಂದೊಂದ ಜಗ್ಗಿ ಏರಸ್ತೇನಿ."

ಓಣಿಯವರೆಲ್ಲರೂ ನನ್ನನ್ನು ಯಾವುದೋ ಪಾಪ ಮಾಡಿದವನನ್ನು ನೋಡುವಂತೆ ನೋಡಿದರು. ಎದುರುಮನೆಯಿಂದ ಕೂಗು ಬಂತು: "ಏನು ಮಾಡಾಕ ಹತ್ತೀರಿ ಅಲ್ಲೆ? ಹೋಳಿಗಿ ಆರಾಕ ಹತ್ಯಾವು. ಕೋಲು ಎಲ್ಲೈತಿ?"

ಚಾಚಾ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ಬೇಟಾ, ರಿವಾಜು ಮುರೀಬಾರದು."

"ಯಾವ ರಿವಾಜು ಚಾಚಾ? ಹೋದ ವರ್ಷ ಇದು ಕೆಟ್ಟಿತ್ತು!"

"ನಮ್ಮ ದರ್ಗಾದ ನಿಶಾನಿ ಅವ್ವನ ಒಲಿ ಮುಂದ ಕಟ್ಟೂ ರಿವಾಜು. ಉದ್ದ ಮಾಡು, ಒಳಗ ಬಿಡು. ತುಪ್ಪದ ಗಡಿಗಿ ತನಕ ಬರಬೇಕು ನೋಡು, ಹೋದ ವರ್ಷ ಅಲ್ಲಿ ತನಕ ಬಂದಿತ್ತು."

ಗಿಡ್ಡವಾಗಲೆಂದೇ ಊರೂರು ತಿರುಗಿ ಕಾಪಾಡಿದ ಕೋಲನ್ನು ನಾನೇ, ಈ ಕೈಯಿಂದಲೇ, ಪೂರಾ ಉದ್ದ ಜಗ್ಗಿ ಮಲಗಿಸಿದೆ. ಅದು ಓಣಿ ದಾಟಿ, ಹೊಸ್ತಿಲು ದಾಟಿ, ಪಡಸಾಲೆ ದಾಟುತ್ತಿರುವಾಗ ಓಣಿಯ ತಿರುವಿನಲ್ಲಿ ಯಾರೋ ಏದುಸಿರು ಬಿಡುತ್ತ ಓಡಿ ಬಂದರು. ಬೆಟಗೇರಿಯ ಭಾವ. ಹೊಸ ಅಂಗಿ, ಕಣ್ಣಿಗೆ ಸುರುಮಾ, ತಲೆಯ ಮೇಲೆ ಬಟ್ಟೆ ಮುಚ್ಚಿದ ದೊಡ್ಡ ತಪೇಲಿ.

"ನಿಂದರ್‍ರಿ, ನಿಂದರ್‍ರಿ! ಗಂಜಿ ಹಚ್ಚದ ಹೆಂಗ ಎತ್ತತೀರಿ? ವರ್ಷಾ ವರ್ಷಾ ಅದು ನಮ್ಮ ಮನಿತನದ ಸೇವಾ!"

ಇಷ್ಟು ತಾಳ್ಮೆಯಿಂದ ನನ್ನ ದೂರು ಕೇಳಿದ ನಿಮ್ಮೆಲ್ಲರ ಮೇಲೂ ಅವನ ಕರುಣೆ ಇರಲಿ. ನಿಮ್ಮ ಬಾಗಿಲು ತೆರೆದಿರಲಿ, ಒಲೆ ಬೆಚ್ಚಗಿರಲಿ, ನಿಮ್ಮ ಮನೆಯ ಹಿರಿಯರ ಕಾಲು ನೆಲದ ಮೇಲೆ ಗಟ್ಟಿಯಾಗಿರಲಿ. ನಿಮ್ಮ ಕಣಕ್ಕೆ ಬೇಕಾದಷ್ಟು ಗಾಳಿಯನ್ನು ಅವನೇ ಅಳೆದು ಕಳಿಸಲಿ. ಬೆಟಗೇರಿಯಿಂದ ಬರುವ ನನ್ನ ಭಾವನಿಗೂ ಇದೇ ಹಾರೈಕೆ. ಆಮೀನ್.